ಫೋರ್ಮನ್ನರ ಕಿವಿ

ನೀರಿನ ಟ್ಯಾಂಕಿನ ಏರಿನಲ್ಲಿ ಕಾರು ಮೂರನೇ ಗೇರಿನಲ್ಲಿ ಮುಕ್ಕರಿಯುತ್ತ ಹತ್ತುತ್ತಿದ್ದಾಗ ಪಕ್ಕದ ಸೀಟಿನಲ್ಲಿದ್ದ ಹೆಂಡತಿ ತೊಡೆಯ ಮೇಲಿಟ್ಟಿದ್ದ ಕೈಯ ತೋರುಬೆರಳನ್ನು ಎತ್ತಿದಳು. ಫೋರ್ಮನ್ನರು ಅದನ್ನು ಓರೆಗಣ್ಣಿನಲ್ಲೇ ಕಂಡು, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದರು. ಬಾನೆಟ್ ಎತ್ತಿ, ಒಂದು ಬೋಲ್ಟು ಸಡಿಲಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಗಿ ಮಾಡಿದರು. ವಾಪಸು ಬಂದು ಕೂತು, "ಸ್ವಲ್ಪ ಜಾಸ್ತಿ ಆಗಿತ್ತು ಅಂತ ನನಗೆ ಆಗಲೇ ಅನ್ನಿಸಿತ್ತು," ಎಂದರು.

"ಹೌದು," ಎಂದಳು ಹೆಂಡತಿ.

ಅನ್ನಿಸುವುದಕ್ಕೆ ಅವರಿಗೆ ಸದ್ದು ಕೇಳಿಸಿದ್ದರೆ ತಾನೆ? ಮೂವತ್ತೈದು ವರ್ಷ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ಆಳೆತ್ತರದ ಯಂತ್ರಗಳು ತಗಡನ್ನು ಗುದ್ದುವ ಕಡೆ, ಕಿವಿಗೆ ಚೂರು ಹತ್ತಿಯನ್ನೂ ಇಡದೆ ಓಡಾಡಿದವರು ಅವರು. ಇಟ್ಟುಕೊಂಡವರನ್ನು ಕಂಡರೆ "ಏನಪ್ಪಾ, ಶೀತಾನಾ?" ಎಂದು ಗೇಲಿ ಮಾಡುತ್ತಿದ್ದರು. ಈಗಲೂ ಮಾತು ಕೇಳಿಸುತ್ತಿತ್ತು, ಹೊಗಳಿಕೆಯಂತೂ ಎರಡು ಕೋಣೆ ಆಚೆಯಿಂದಲೂ ಕೇಳಿಸುತ್ತಿತ್ತು. ಸಣ್ಣ, ಚೂಪು ಸದ್ದುಗಳು ಮಾತ್ರ ಒಂದೊಂದಾಗಿ ಜಾಗ ಖಾಲಿ ಮಾಡಿದ್ದವು. ಮಾತ್ರೆಯ ಹೊತ್ತಿಗೆ ಅವರ ಕೈಗಡಿಯಾರ ಪೀಂ ಪೀಂ ಎಂದು ಬಡಿದುಕೊಳ್ಳುತ್ತಿದ್ದರೆ ಆಕೆಯೇ ಬಂದು ಮಣಿಕಟ್ಟು ಹಿಡಿದು ಗುಂಡಿ ಒತ್ತಬೇಕಿತ್ತು. "ನಾನೇ ಒತ್ತೋನಿದ್ದೆ," ಎನ್ನುತ್ತಿದ್ದರು.

ಆಕೆಯ ಕಿವಿಯ ಕಥೆಯೇ ಬೇರೆ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು, ನೂರು ಮಾತಿನ ನಡುವೆ ಯಾವ ಲೈನಿನಲ್ಲಿ ಕರಕರ ಇದೆ ಎಂದು ಹೇಳಬಲ್ಲವಳಾಗಿದ್ದಳು. ಬೀದಿಯವರು ಇಂದಿಗೂ ಅವಳನ್ನು ಎಕ್ಸ್‌ಚೇಂಜಮ್ಮ ಎಂದೇ ಕರೆಯುತ್ತಾರೆ.

ಕಾರಿನ ಎಂಜಿನ್ನಿನಲ್ಲಿ ಕಿಡಿ ಹೊತ್ತಬೇಕಾದ್ದಕ್ಕಿಂತ ಒಂದಿಷ್ಟು ಮುಂಚೆ ಹೊತ್ತಿದರೆ ಏರಿನಲ್ಲಿ ಒಂದು ಸದ್ದು ಬರುತ್ತದೆ. ಗಾಜಿನ ಸೀಸೆಯಲ್ಲಿ ಗುಂಡುಸೂಜಿ ಹಾಕಿ ಅಲ್ಲಾಡಿಸಿದ ಹಾಗೆ, ಸಣ್ಣಗೆ, ಟಿಣ್ ಟಿಣ್. ಕಿಡಿಯನ್ನು ಮುಂದಕ್ಕೆ ತಳ್ಳಿದಷ್ಟೂ ಕಾರು ಚುರುಕಾಗುತ್ತದೆ ನಿಜ, ಆದರೆ ಸದ್ದು ಬಂದ ಮೇಲೂ ಹಾಗೇ ಬಿಟ್ಟರೆ ಅದು ಪಿಸ್ಟನ್ನಿನ ತಲೆಯನ್ನೇ ತಿಂದು ತೂತು ಮಾಡುತ್ತದೆ. ಸದ್ದು ಬರುವ ತನಕ ತಳ್ಳಿ, ಬಂದ ಕೂಡಲೇ ಕೂದಲೆಳೆಯಷ್ಟು ಹಿಂದೆ ಬರಬೇಕು. ಇದನ್ನು ದೀಪ ಬಿಟ್ಟು ನೋಡಿ ಹೊಂದಿಸುವ ಉಪಕರಣವೂ ಇದೆ. ಫೋರ್ಮನ್ನರ ಲೆಕ್ಕದಲ್ಲಿ ಅದು ಕೈಲಾಗದವರ ಸಾಮಾನು.

ಆರು ವರ್ಷದ ಹಿಂದೆ, ಎಂಜಿನ್ ಮೊದಲ ಸಲ ಈ ಏರು ಹತ್ತಿದ ದಿನ, "ಏನ್ರೀ ಅದು ಸದ್ದು?" ಎಂದು ಆಕೆ ಕೇಳಿದ್ದಳು. "ಯಾವ ಸದ್ದು?" ಎಂದಿದ್ದರು ಅವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಾತು ಮತ್ತೆ ಎತ್ತಿದವರಿಲ್ಲ. ಮುಂದಿನ ವಾರ "ಬಾ, ಒಂದು ರೌಂಡು ಹೋಗಿ ಬರೋಣ" ಎಂದರು. ಆಕೆ ಹೋದಳು, ಬೆರಳೆತ್ತಿದಳು. ಅಲ್ಲಿಂದ ಹಾಗೇ ನಡೆದುಕೊಂಡು ಬಂದಿತ್ತು. ಮುಚ್ಚುಮರೆ ಯಾಕೆ, ವಾರದಲ್ಲಿ ಆಕೆಗೆ ಖುಷಿ ಅಂತ ಇದ್ದದ್ದು ಆ ಇಪ್ಪತ್ತು ನಿಮಿಷವೇ.

ಕಾರು ಜಪಾನಿನದು. ಐವತ್ತು ದಾಟಿದ ವಯಸ್ಸು, ಉದ್ದ ಮೂತಿ, ಎರಡೇ ಬಾಗಿಲು, ಎರಡೇ ಸೀಟು. ಹನ್ನೊಂದು ವರ್ಷದ ಹಿಂದೆ ಗುಜರಿಯಿಂದ ಎಳೆದು ತಂದಾಗ ಅದರ ನೆಲದ ತಗಡು ಹಪ್ಪಳದ ಹಾಗೆ ಮುರಿಯುತ್ತಿತ್ತು. ಫೋರ್ಮನ್ನರು ಮುಂದಿನ ಕೋಣೆಯ ಗೋಡೆ ಒಡೆಸಿ ಅದಕ್ಕೊಂದು ಮನೆ ಮಾಡಿಕೊಟ್ಟರು. ಆ ಕೋಣೆಯಲ್ಲಿದ್ದ ಆಕೆಯ ಹೊಲಿಗೆ ಯಂತ್ರ ಮಂಚದ ಕೆಳಗೆ ಹೋಯಿತು. ಕಾರ್ಬ್ಯುರೇಟರುಗಳು ಆಕೆಯ ದೊಡ್ಡ ಪಾತ್ರೆಯಲ್ಲಿ ಕುದ್ದವು, ಬಾಗಿಲಿನ ರಬ್ಬರುಗಳು ಬಟ್ಟೆಯ ತಂತಿಯ ಮೇಲೆ ಒಣಗಿದವು. ತುಕ್ಕು ಹಿಡಿದಲ್ಲೆಲ್ಲ ಕತ್ತರಿಸಿ, ಹೊಸ ತಗಡು ಬೆಸೆದು, ಉಜ್ಜಿ, ಬಣ್ಣ ಬಳಿದು, ಒಪ್ಪಿಗೆಯಾಗದೆ ಮತ್ತೆ ಉಜ್ಜಿ, ಕೊನೆಗೆ ಕಾರು ಕಿತ್ತಳೆ ಬಣ್ಣದಲ್ಲಿ ಹೊಳೆಯಿತು. ಆ ಕಾರಿಗೆ ಸಿಕ್ಕ ಆರೈಕೆ ಆ ಮನೆಯಲ್ಲಿ ಇನ್ಯಾರಿಗೂ ಸಿಕ್ಕಿರಲಿಲ್ಲ.

ಎರಡು ವರ್ಷದ ಹಿಂದೆ ಎಂಜಿನ್ ಮತ್ತೊಮ್ಮೆ ಬಿಚ್ಚಬೇಕಾಯಿತು. ಸವೆದ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿಕೊಟ್ಟ ಲೇಥಿನವನು, "ಇನ್ನು ಕೊರೆಯೋಕೆ ಒಳಗೆ ಗೋಡೆನೇ ಉಳಿದಿಲ್ಲ ಸಾರ್. ಇದೇ ಕೊನೆ. ಜೋಪಾನ," ಎಂದಿದ್ದ. ಆ ಅಳತೆಯ ಆರು ಪಿಸ್ಟನ್ನುಗಳಿಗಾಗಿ ಹದಿನಾಲ್ಕು ತಿಂಗಳು ಕಾದರು. ಅವು ಬಂದ ದಿನ ಫೋರ್ಮನ್ನರು ಒಂದೊಂದನ್ನೂ ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದರು. ಇದು ಹೋದರೆ ಕಾರು ಹೋದ ಹಾಗೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

ಇಬ್ಬರೂ ಏರಿಗೆ ಹೋಗಿ ಬಂದ ಮರುದಿನ, ಭಾನುವಾರ ಬೆಳಿಗ್ಗೆ, ಹಳೆ ಕಾರಿನ ಸಂಘದವರು ಮನೆಗೆ ಬಂದರು. ಮುಂದಿನ ಭಾನುವಾರ ಎಲ್ಲರೂ ತಮ್ಮ ತಮ್ಮ ಕಾರಿನಲ್ಲಿ ಹದಿನಾರು ತಿರುವಿನ ಗುಡ್ಡ ಹತ್ತುವುದೆಂದು ನಿಶ್ಚಯವಾಗಿತ್ತು. ಸಂಘದ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಜೊತೆಗೆ ಅವರ ಸೊಸೆಯೂ ಇನ್ನು ನಾಲ್ಕೈದು ಜನರೂ ಇದ್ದರು. ಡಾಕ್ಟರು ಬಾನೆಟ್ಟಿನೊಳಗೆ ತಲೆ ಹಾಕಿ, ಎಂಜಿನ್ನಿನ ಏರುಪೇರಿಲ್ಲದ ಸದ್ದು ಕೇಳಿ ತಲೆದೂಗಿದರು.

"ಯಾವ ಲೈಟಿಟ್ಟು ಹೊಂದಿಸಿದ್ರಿ ಸಾರ್?"

"ಲೈಟಾ?" ಫೋರ್ಮನ್ನರು ಬಲಗಿವಿ ತಟ್ಟಿಕೊಂಡರು. "ಮಷೀನಿನ ಮಧ್ಯೆ ಪಳಗಿದ ಕಿವಿ ಡಾಕ್ಟರೇ. ಇದಕ್ಕಿಂತ ಲೈಟು ಬೇಕಾ?"

ಆಕೆಗೆ ಇದೇನೂ ಹೊಸದಲ್ಲ. ಬಂದವರ ಮುಂದೆಲ್ಲ ಆ ಕಿವಿಯನ್ನು ತಟ್ಟಿ ತೋರಿಸುವುದನ್ನು ಕಂಡು ಕಂಡು ನಗುವುದನ್ನೂ ಬಿಟ್ಟಿದ್ದಳು. ಲೋಟಗಳ ತಟ್ಟೆ ಹಿಡಿದು ನಿಂತಿದ್ದವಳನ್ನು ಡಾಕ್ಟರ ಸೊಸೆ ಕೇಳಿದಳು: "ನಿಮಗೂ ಕಾರಿನ ಹುಚ್ಚಾ ಅಮ್ಮಾ? ಇವರಿಗೆ ಏನಾದ್ರೂ ಸಹಾಯ ಮಾಡ್ತೀರಾ?"

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಆಕೆಗೆ ಎಷ್ಟು ಹಿಗ್ಗಾಯಿತೆಂದರೆ ನಾಲಿಗೆ ಹಿಡಿತ ತಪ್ಪಿತು.

"ಏರಲ್ಲಿ ಟಿಣ್ ಟಿಣ್ ಅಂತ ಬರುತ್ತಲ್ಲ, ಅದನ್ನ ನಾನು ಹೇಳ್ತೀನಿ. ಇವರು ತಿರುಗಿಸ್ತಾರೆ."

ಡಾಕ್ಟರು ಬಾನೆಟ್ಟಿನಿಂದ ತಲೆಯೆತ್ತಿ ಫೋರ್ಮನ್ನರನ್ನು ನೋಡಿದರು. ಉಳಿದವರೂ ನೋಡಿದರು. ಫೋರ್ಮನ್ನರು ಜೋರಾಗಿ ನಕ್ಕರು.

"ಇವಳಾ? ಅಡುಗೆಮನೇಲಿ ಸೌಟು ಬಿದ್ರೂ ಎಂಜಿನ್ ಹೋಯ್ತು ಅಂತ ಓಡಿ ಬರ್ತಾಳೆ. ಮನೇಲಿ ಒಬ್ಬಳೇ ಕೂತು ಬೇಜಾರು ಪಟ್ಕೋತಾಳಲ್ಲ ಅಂತ ಜೊತೇಲಿ ಕೂರಿಸ್ಕೊಂಡು ಹೋಗ್ತೀನಿ. ಬೆರಳು ತೋರಿಸ್ತಾಳೆ, ನಾನೂ ಹೂಂ ಅಂತೀನಿ. ಮಕ್ಕಳ ಕೈಗೆ ಆಟದ ಸ್ಟೀರಿಂಗ್ ಕೊಡಲ್ವಾ, ಹಾಗೆ."

ಎಲ್ಲರೂ ನಕ್ಕರು. ಸೊಸೆಯೂ ನಕ್ಕು, ಆಮೇಲೆ ಅಯ್ಯೋ ಪಾಪ ಎನ್ನುವಂತೆ ಆಕೆಯ ತೋಳು ಸವರಿದಳು. ನಗುವಿಗಿಂತ ಆ ಸವರಿದ್ದೇ ಆಕೆಗೆ ಹೆಚ್ಚು ಉರಿಯಿತು. ತಟ್ಟೆ ಹಿಡಿದುಕೊಂಡು ಒಳಗೆ ಹೋದಳು.

ಬಂದವರು ಹೋದ ಮೇಲೆ ಅವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ನಾಲ್ಕು ಜನರ ಮುಂದೆ ನನ್ನ ಮಾನ ಕಳೀಬೇಕು ಅಂತ ಕಾಯ್ತಾ ಇದ್ಯಾ?"

"ಇದ್ದದ್ದು ಹೇಳಿದೆ."

"ಏನು ಇದ್ದದ್ದು? ನನಗೇನಾಗಿದೆ?"

ಅಷ್ಟರಲ್ಲಿ ಅವರ ಮಣಿಕಟ್ಟಿನ ಗಡಿಯಾರ ಪೀಂ ಪೀಂ ಎನ್ನತೊಡಗಿತು. ಆಕೆಯ ಕೈ ರೂಢಿಯಂತೆ ಮುಂದೆ ಹೋಗಿ, ಅರ್ಧದಲ್ಲಿ ನಿಂತಿತು. ಫೋರ್ಮನ್ನರು ಸೊಂಟದ ಮೇಲೆ ಕೈಯಿಟ್ಟು ಉತ್ತರಕ್ಕೆ ಕಾದರು. ಗಡಿಯಾರ ಒಂದು ನಿಮಿಷ ಪೂರ್ತಿ ಬಡಿದುಕೊಂಡು ತಾನಾಗಿ ಸುಮ್ಮನಾಯಿತು.

"ಏನೂ ಆಗಿಲ್ಲ," ಎಂದಳು ಆಕೆ.

ಶನಿವಾರ ಮಧ್ಯಾಹ್ನ ಕೊನೆಯ ಪರೀಕ್ಷೆಗೆ ಇಬ್ಬರೂ ಏರಿಗೆ ಹೋದರು. ಗುಡ್ಡದಲ್ಲಿ ಡಾಕ್ಟರ ಕಾರನ್ನು ಹಿಂದೆ ಹಾಕಬೇಕೆಂಬ ಹಟಕ್ಕೆ ಫೋರ್ಮನ್ನರು ಕಿಡಿಯನ್ನು ಎಂದಿಗಿಂತ ಮುಂದಕ್ಕೆ ತಳ್ಳಿದ್ದರು. ಏರು ಶುರುವಾಗುತ್ತಿದ್ದಂತೆಯೇ ಆಕೆಗೆ ಕೇಳಿಸಿತು. ಟಿಣ್ ಟಿಣ್ ಟಿಣ್. ಯಾವತ್ತಿಗಿಂತ ಸ್ಪಷ್ಟವಾಗಿತ್ತು.

ಆಕೆ ಎರಡೂ ಕೈಯನ್ನು ತೊಡೆಯ ಮೇಲೆ ಹೆಣೆದುಕೊಂಡು ಕೂತಳು. ಕೇಳಲಿ, ಅಂದುಕೊಂಡಳು. ಬಾಯಿಬಿಟ್ಟು ಒಂದು ಸಲ ಕೇಳಲಿ, ಸದ್ದು ಬರ್ತಿದೆಯಾ ಅಂತ. ಕೇಳಿದರೆ ಆ ಕ್ಷಣವೇ ಹೇಳುತ್ತೇನೆ. ಫೋರ್ಮನ್ನರು ಒಮ್ಮೆ ಆಕೆಯ ಕೈಯನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ನೋಡಿದರು. ಆಕೆ ಟ್ಯಾಂಕಿನ ಮೇಲೆ ಕೂತ ಪಾರಿವಾಳಗಳನ್ನು ನೋಡುತ್ತಿದ್ದಳು. ಏರಿನ ತುದಿಯಲ್ಲಿ ಕಾರು ನಿಲ್ಲಿಸಿ, ಇಳಿದು, ಹಿಂದಕ್ಕೆ ತಿರುಗಿಸದೆ ಬೋಲ್ಟನ್ನು ಇದ್ದಲ್ಲೇ ಬಿಗಿ ಮಾಡಿ ಬಂದರು.

"ಈ ಸಲ ಒಂದೇ ಏಟಿಗೆ ಕೂತ್ಕೊಂಡ್ತು ನೋಡು," ಎಂದರು. ಕೇಳಲಿಲ್ಲ. ಆ ಸಂಜೆ ಕಾರನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದಾಗಲೂ ಕೇಳಲಿಲ್ಲ, ಬೆಳಿಗ್ಗೆ ಹೊರಡುವಾಗಲೂ ಕೇಳಲಿಲ್ಲ.

ಗುಡ್ಡದ ಬುಡದಲ್ಲಿ ಒಂಬತ್ತು ಕಾರುಗಳು ಸಾಲಾಗಿ ಹೊರಟವು. ಮೊದಲ ತಿರುವಿನಲ್ಲೇ ಸದ್ದು ಹತ್ತಿಕೊಂಡಿತು. ಎರಡನೆಯದು, ಮೂರನೆಯದು. ಆಕೆ ಹಲ್ಲು ಕಚ್ಚಿಕೊಂಡು ಎಣಿಸುತ್ತಿದ್ದಳು. ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿದ್ದರೂ ಅಂಗೈ ಬೆವರಿತ್ತು. ಆ ಆರು ಪಿಸ್ಟನ್ನುಗಳನ್ನು ಪೆಟ್ಟಿಗೆಯಿಂದ ತೆಗೆದು ಸುತ್ತಿದ್ದ ಕಾಗದ ಬಿಡಿಸಿಕೊಟ್ಟವಳು ಅವಳೇ.

ಐದನೇ ತಿರುವಿನ ಹತ್ತಿರ ಫೋರ್ಮನ್ನರು ಗಂಟಲು ಸರಿಮಾಡಿಕೊಂಡರು. "ಅವತ್ತಿನ ಮಾತು ಮನಸ್ಸಿಗೆ ಹಚ್ಕೊಂಡಿದೀಯಾ?"

ಆಕೆ ಸೆರಗಿನಲ್ಲಿ ಅಂಗೈ ಒರೆಸಿಕೊಂಡಳು.

"ಜನರ ಮುಂದೆ ಮನುಷ್ಯ ಏನೋ ಒಂದು ಅಂತಾನೆ ಕಣೇ. ನಿನ್ನ ಬಿಟ್ಟು ಈ ಕಾರಲ್ಲಿ ನಾನು ಯಾವತ್ತಾದ್ರೂ ಹೋಗಿದೀನಾ? ನೀನೇ ಹೇಳು."

ಹೋಗಿರಲಿಲ್ಲ, ಒಂದು ದಿನವೂ. ಅವರೇ ಕೇಳಲಿ ಎಂಬ ಆಕೆಯ ಹಟ ಅಲ್ಲೇ ಸಡಿಲವಾಯಿತು. ಸಾಕು, ಇಷ್ಟು ಅಂದರಲ್ಲ, ಹೇಳಿಬಿಡೋಣ ಎಂದುಕೊಂಡು "ರೀ," ಎಂದು ಅವರ ಕಡೆ ತಿರುಗಿದಳು. ಆಗಲೇ ಮುಂದೆ ನೇರ ರಸ್ತೆ ಸಿಕ್ಕಿತು. ಫೋರ್ಮನ್ನರು ಕಾಲೂರಿ ಒತ್ತಿ ಡಾಕ್ಟರ ಕಾರನ್ನು ಹಿಂದೆ ಹಾಕಿದರು. ಮುಖ ಅರಳಿತು.

"ನೋಡ್ದ್ಯಾ ಹೇಗೆ ಎಳೀತು! ನಿನ್ನೆ ನೀನು ಬೆರಳೆತ್ತದೆ ಸುಮ್ಮನಿದ್ದದ್ದೇ ಒಳ್ಳೇದಾಯ್ತು. ಇಷ್ಟು ವರ್ಷ ನಿನ್ನ ಮಾತು ಕಟ್ಕೊಂಡು ಸುಮ್ಸುಮ್ಮನೆ ಹಿಂದಕ್ಕೆ ತಿರುಗಿಸ್ತಾ ಇದ್ದೆ ನಾನು." ತೊಡೆ ತಟ್ಟಿಕೊಂಡು ನಕ್ಕರು. "ಏನೋ ಅಂದ್ಯಲ್ಲ, ಏನು?"

"ಏನಿಲ್ಲ," ಎಂದು ಆಕೆ ಕಿಟಕಿಯ ಕಡೆ ತಿರುಗಿದಳು.

ಹನ್ನೊಂದನೇ ತಿರುವಿನಲ್ಲಿ ಟಿಣ್ ಟಿಣ್ ನಿಂತಿತು. ಅದರ ಹಿಂದೆಯೇ ಫೋರ್ಮನ್ನರಿಗೂ ಕೇಳಿಸುವಂಥ ಸದ್ದು ಬಂತು. ಧಡ್ ಎಂದು ಒಂದು ಏಟು, ಆಮೇಲೆ ಕಬ್ಬಿಣ ಕಬ್ಬಿಣವನ್ನು ತಿನ್ನುವ ಕರ್ಕಶ. ಕಾರು ಹೊಯ್ದಾಡಿ ರಸ್ತೆಬದಿಯ ಮೋಟುಗೋಡೆಯ ಪಕ್ಕ ನಿಂತಿತು. ಹಿಂದೆ ಇಡೀ ತಿರುವು ನೀಲಿ ಹೊಗೆಯಿಂದ ತುಂಬಿಕೊಂಡಿತು.

ಒಂದೊಂದಾಗಿ ಉಳಿದ ಕಾರುಗಳು ಬಂದು ನಿಂತವು. ಫೋರ್ಮನ್ನರು ಬಾನೆಟ್ ಎತ್ತಿ, ತೆಗೆದ ಸ್ಪ್ಯಾನರನ್ನು ಎಂಜಿನ್ನಿನ ಮೇಲೆಯೇ ಇಟ್ಟುಬಿಟ್ಟರು. ಡಾಕ್ಟರೇ ಅದನ್ನು ತೆಗೆದುಕೊಂಡು ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಅದರ ತುದಿ ಚಪ್ಪಟೆಯಾಗಿ, ಕರಗಿದ ಲೋಹದ ಹನಿಗಳು ಮೆತ್ತಿಕೊಂಡಿದ್ದವು. ಡಾಕ್ಟರು ಹಲ್ಲು ನೋಡುವ ಸಣ್ಣ ಟಾರ್ಚನ್ನು ಜೇಬಿನಿಂದ ತೆಗೆದು ತೂತಿನೊಳಗೆ ಬಿಟ್ಟು ಬಹಳ ಹೊತ್ತು ನೋಡಿದರು.

"ಪಿಸ್ಟನ್ ತೂತಾಗಿದೆ ಸಾರ್. ಸಿಲಿಂಡರಿನ ಗೋಡೆನೂ ಸೀಳಿದೆ." ಟಾರ್ಚ್ ಆರಿಸಿದರು. "ಇದು ಒಂದು ಏರಿಗೆ ಆಗೋ ಕೆಲಸ ಅಲ್ಲ. ತುಂಬ ಹೊತ್ತಿಂದ ಹೊಡೀತಾ ಇದ್ದಿರಬೇಕು. ನಿಮಗೆ ಸದ್ದು ಕೇಳಿಸಲೇ ಇಲ್ವಾ?"

ಫೋರ್ಮನ್ನರು ಪ್ಲಗ್ಗನ್ನು ಅಂಗೈಯಲ್ಲಿಟ್ಟುಕೊಂಡು ನಿಂತರು. ಅದು ಇನ್ನೂ ಸುಡುತ್ತಿದ್ದಿರಬೇಕು. ಅವರು ಬಿಡಲಿಲ್ಲ. ಸುತ್ತ ನಿಂತವರ ಮುಖಗಳನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ಹೆಂಡತಿಯ ಕಡೆ ತಿರುಗಿದರು. ಕಾರು ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಆಕೆ ಕೇಳಿರದ ದನಿಯಲ್ಲಿ ಕೇಳಿದರು:

"ಸದ್ದು ಬರ್ತಾ ಇತ್ತೇನೇ?"

ಎಲ್ಲರ ಮುಂದೆ ಕೇಳಿದ್ದರು. ಆಕೆ ಬಯಸಿದ್ದಕ್ಕಿಂತ ಹೆಚ್ಚೇ ಆಗಿತ್ತು. ಬರಲಿಲ್ಲ ಎಂದುಬಿಟ್ಟರೂ ಆಗುತ್ತಿತ್ತು. ಪೆಟ್ರೋಲಿನ ಮೇಲೆ ಹಾಕಬಹುದಿತ್ತು, ಲೇಥಿನವನ ಮೇಲೆ ಹಾಕಬಹುದಿತ್ತು. ಆದರೆ ಆಕೆ ನೆಟ್ಟಗೆ ನಿಂತು, ದೂರದ ಊರಿನವರಿಗೆ ಲೈನು ಸಿಗುವುದಿಲ್ಲ ಎಂದು ತಿಳಿಸುತ್ತಿದ್ದ ದನಿಯಲ್ಲಿ, ಒಂದೊಂದು ಮಾತನ್ನೂ ಬಿಡಿಸಿ, ಎಲ್ಲರಿಗೂ ತಲುಪುವ ಹಾಗೆ ಹೇಳಿದಳು.

"ಬರ್ತಾ ಇತ್ತು. ನಿನ್ನೆಯಿಂದ ಬರ್ತಾ ಇತ್ತು. ನಿಮಗೆ ಕೇಳಿಸಲ್ಲ ರೀ. ಆರು ವರ್ಷದಿಂದ ನಿಮಗೆ ಕೇಳಿಸ್ತಾ ಇಲ್ಲ."

ಈ ಸಲ ಯಾರೂ ನಗಲಿಲ್ಲ. ಒಬ್ಬ ತನ್ನ ಕಾರಿನ ಟೈರನ್ನು ಬಗ್ಗಿ ನೋಡಿದ. ಇನ್ನೊಬ್ಬ ಕಾರೆಳೆಯುವ ಗಾಡಿಗೆ ಫೋನು ಮಾಡಲು ಆಚೆ ಹೋದ. ಫೋರ್ಮನ್ನರು ನಡೆದು ಹೋಗಿ ಮೋಟುಗೋಡೆಯ ಮೇಲೆ ಕೂತರು.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ನೀರಿನ ಬಾಟಲಿ ತೆಗೆದುಕೊಂಡು ಅವರ ಹತ್ತಿರ ಹೋದರು. ಪಾಪದ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೋದರು. ಬಗ್ಗಿ, ಬಾಯನ್ನು ಫೋರ್ಮನ್ನರ ಬಲಗಿವಿಗೆ ತಂದು ಕೂಗಿದರು: "ಸಾರ್! ನೀರು! ನೀರು ಕುಡೀತೀರಾ?"

"ಕೇಳಿಸುತ್ತೆ ಡಾಕ್ಟರೇ," ಎಂದರು ಫೋರ್ಮನ್ನರು, ಮೆಲ್ಲಗೆ.

ಮಾತು ಕೇಳಿಸುತ್ತೆ ಅವರಿಗೆ, ಕೂಗಬೇಡಿ, ಎಂಬ ಮಾತು ಆಕೆಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಡಾಕ್ಟರ ಸೊಸೆಯೂ ಹೋಗಿ ಮುಂದೆ ಮೊಣಕಾಲೂರಿ ಕೂತು, ಹೆಬ್ಬೆರಳನ್ನು ಬಾಯಿಗಿಟ್ಟು, ತಲೆ ಹಿಂದಕ್ಕೆ ಮಾಡಿ, ಕುಡಿಯುವುದು ಹೇಗೆಂದು ತೋರಿಸಿಕೊಟ್ಟಳು. "ಕುಡೀರಿ ಸಾರ್! ಕುಡೀರಿ!" ಎಂದು ಡಾಕ್ಟರು ಇನ್ನೂ ಜೋರಾಗಿ ಕೂಗಿದರು. ಗುಡ್ಡದ ಆ ಕಡೆಯಿಂದ ಅದೇ ಮಾತು ವಾಪಸು ಬಂತು. ಫೋರ್ಮನ್ನರು ಬಾಟಲಿ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆ, ಹೇಳಿದ ಹಾಗೆ ಕುಡಿದರು.