ಬುಡಬ್ಯಾಡ ಕಣ್ಲಾ

"ಬುಡಬ್ಯಾಡ ಕಣ್ಲಾ! ಜೀವ ಓದ್ರೂ ಬುಡಬ್ಯಾಡ!"

ಮಂಡ್ಯದ ಮೈದಾನದ ಗೆರೆಯಾಚೆ ನಿಂತು ದೇವರಾಜು ಕಿರುಚಿದ. ಅವನು ಕಟ್ಟಿದ ಮದ್ದೂರಿನ ರಗ್ಬಿ ತಂಡ ಮಳವಳ್ಳಿಗಿಂತ ಒಂದೇ ಒಂದು ಅಂಕ ಮುಂದಿತ್ತು. ಆಟ ಇನ್ನೇನು ಮುಗಿಯುವುದರಲ್ಲಿತ್ತು. ತಮ್ಮದೇ ಗೋಲುಕಂಬಗಳ ಎದುರಿಗೆ ಯತೀಶ್ ಚೆಂಡು ಹಿಡಿದು ಬಿದ್ದಿದ್ದ. ಮೇಲೆ ಮಳವಳ್ಳಿಯ ಮೂವರು. ಎಷ್ಟು ಎಳೆದರೂ ಅವನು ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಮಿಸುಕಲಿಲ್ಲ. ಗಂಡಸು ಅಂದರೆ ಹೀಗಿರಬೇಕು ಎಂದು ದೇವರಾಜುವಿನ ಎದೆ ಉಬ್ಬಿತು.

ಸೀಟಿ ಕೂಗಿತು. ರೆಫರಿ ಸಿಂಧು ಪೆನಾಲ್ಟಿ ಕೊಟ್ಟು ಮಳವಳ್ಳಿಯ ಕಡೆಗೆ ಕೈ ಎತ್ತಿದಳು.

ಕಬಡ್ಡಿ ಆಡುತ್ತಿದ್ದ ಕಾಲದಲ್ಲಿ ದೇವರಾಜು ಹಿಡಿದ ಕಾಲು ಬಿಟ್ಟವನಲ್ಲ. ಮಳವಳ್ಳಿಯ ಹೊನ್ನಯ್ಯನೊಬ್ಬ ಮಾತ್ರ ಪ್ರತಿ ಸಲ ನುಣುಚಿಕೊಂಡು ಗೆರೆ ಮುಟ್ಟಿ, ತಿರುಗಿ ನಿಂತು ತೊಡೆ ತಟ್ಟುತ್ತಿದ್ದ. ಆ ಸದ್ದು ಇನ್ನೂ ಕಿವಿಯಲ್ಲಿತ್ತು. ಈಗ ಇಬ್ಬರಿಗೂ ತಲೆ ನರೆತು, ಇಬ್ಬರೂ ತಮ್ಮೂರಿನ ಕಬಡ್ಡಿ ಹುಡುಗರಿಗೆ ರಗ್ಬಿ ಕಲಿಸುತ್ತಿದ್ದರು. ಇದೊಂದು ಸಲ ಹೊನ್ನಯ್ಯನನ್ನು ಸೋಲಿಸಿದರೆ ಸಾಕಿತ್ತು ದೇವರಾಜುವಿಗೆ. ಬಿದ್ದವನು ಕೂಡಲೇ ಚೆಂಡು ಬಿಡಬೇಕೆಂಬ ನಿಯಮ ಅವನಿಗೂ ಗೊತ್ತಿತ್ತು. ಹುಡುಗರಿಗೆ ಹೇಳಿಯೂ ಇದ್ದ, ಮೂಗು ಮುರಿಯುತ್ತಾ, ಒಂದೇ ಸಲ.

ಈಗ ಒಳಕ್ಕೆ ನುಗ್ಗಿದ. "ಏನಮ್ಮಾ, ಇಡ್ದಿದ್ ಬುಡಕ್ಕೆ ನಮ್ ಐಕ್ಳೇನ್ ಬಳೆ ತೊಟ್ಕಂಡವ್ರಾ?"

"ಬಳೆ ನಾನೂ ತೊಟ್ಟಿಲ್ಲ ಸಾರ್. ನಿಮ್ಮ ಹುಡುಗನಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೆ. ಗೆರೆ ಆಚೆ ಹೋಗಿ."

ಮಳವಳ್ಳಿಯವನು ಒದ್ದ ಚೆಂಡು ಕಂಬಗಳ ನಡುವೆ ಹಾರಿತು. ಮೂರು ಅಂಕ. ಆಟ ಮುಗಿಯಿತು.

ಉರುಳಿ ಬಂದ ಚೆಂಡನ್ನು ಎತ್ತಿಕೊಂಡು ದೇವರಾಜು ಯತೀಶನ ಮುಂದೆ ನಿಂತ.

"ಯಾಕ್ಲಾ ಬುಡ್ನಿಲ್ಲ?"

"ನೀವೇ ಬುಡಬ್ಯಾಡ ಅಂದ್ರಲ್ಲ ಸಾ."

"ನಾನಂದ್ರೆ? ನಿಂಗ್ ಬುದ್ಧಿ ಇರ್ನಿಲ್ವಾ?"

"ಆಗ್ಲೇ ಒಂದ್ಸಲ ಬುಟ್ಟೆ. ಎಣ್ಣಿಗ ಅಂದ್ರಿ."

ಅಷ್ಟರಲ್ಲಿ ಮಳವಳ್ಳಿಯ ಹುಡುಗರು ಎರಡು ಸಾಲಾಗಿ ನಿಂತು, ಸೋತವರಿಗೆ ನಡುವೆ ದಾರಿ ಬಿಟ್ಟು ಚಪ್ಪಾಳೆ ತಟ್ಟತೊಡಗಿದರು. ಗೆದ್ದವರು ಹಾಗೆ ಮಾಡುವುದು ಈ ಆಟದ ಪದ್ಧತಿ.

"ಅಣಕಿಸ್ತಾವ್ರೆ ನನ್ ಮಕ್ಳು! ನಡೀರ್ಲಾ ಬಸ್ಸಿಗೆ!" ಎಂದು ದೇವರಾಜು ಗದರಿದ.

ಯತೀಶ್ ಅವನ ಮುಖ ನೋಡಿದ. ಆಮೇಲೆ ನೋಯುತ್ತಿದ್ದ ಒಂದು ಭುಜ ಇಳಿಬಿಟ್ಟುಕೊಂಡು ಆ ಸಾಲಿನೊಳಕ್ಕೇ ನಡೆದ. ಉಳಿದವರೂ ಹಿಂದೆಯೇ ಹೋದರು. ಆಗ ಮೇಲೆ ಬಿದ್ದಿದ್ದವರೇ ಈಗ ಅವನ ಬೆನ್ನು ತಟ್ಟಿದರು.

ಹೊನ್ನಯ್ಯ ಕುಂಟುತ್ತಾ ಬಂದು ಕೈ ಚಾಚಿದ. "ಕೈ ಕೊಡ್ಲಾ ದೇವ್ರಾಜ. ಐಕ್ಳನ್ನ ಚೆಂದಾಗಿ ತಯಾರ್ ಮಾಡಿದ್ದೀಯ."

ಇದನ್ನು ತಡೆದುಕೊಳ್ಳುವುದು ಹೇಗೆ? ಅವನು ತೊಡೆ ತಟ್ಟಿದ್ದರೆ ಎರಡು ಬೈದಾದರೂ ಹಗುರಾಗಬಹುದಿತ್ತು.

"ತೊಡೆ ತಟ್ಟಲ್ವೇನ್ಲಾ?"

"ಮಂಡಿ ನೋವು ಕಣ್ಲಾ, ಬುಡತ್ಲಾಗೆ. ಕೈ ಕೊಡಕ್ಕಾಗ್ದಿದ್ರೆ ಚೆಂಡಾದ್ರೂ ಕೊಡು. ಅದು ನಮ್ದು."

ದೇವರಾಜು ಎರಡೂ ಕೈಯಲ್ಲಿ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡಿದ್ದ. ಹೊನ್ನಯ್ಯ ಎಳೆದ. ದೇವರಾಜು ಬಿಡಲಿಲ್ಲ.

ಪೀಪ್ ಎಂದು ಸೀಟಿ ಕೇಳಿಸಿತು. ಸಿಂಧು ನಗದೆ ಮಳವಳ್ಳಿಯ ಕಡೆಗೆ ಕೈ ಎತ್ತಿ ನಿಂತಿದ್ದಳು. ಮೊದಲು ನಕ್ಕವರು ಮದ್ದೂರಿನ ಹುಡುಗರೇ.

ದೇವರಾಜು ಚೆಂಡನ್ನು ದೂರಕ್ಕೆ ಬೀಸಿ ಎಸೆದ. ಆ ಸೊಟ್ಟ ಚೆಂಡು ನೆಲಕ್ಕೆ ಬಿದ್ದು, ಅಡ್ಡಾದಿಡ್ಡಿ ಪುಟಿದು, ಮತ್ತೆ ಹೊನ್ನಯ್ಯನ ಕಾಲ ಬಳಿಗೇ ಬಂತು.

"ಥೂ, ಇದೂ ಒಂದ್ ಚೆಂಡಾ!" ಎಂದು ಬೈದುಕೊಂಡು ಅವನೊಬ್ಬನೇ ಬಸ್ಸಿನ ಕಡೆಗೆ ನಡೆದ.