ಜಾಲಿಮರದ ಈಚೆ

ಹಾಯಿ ಒಂದು ಗೇಣು ಹರಿದಿತ್ತು. ಶಿವಪ್ರಕಾಶ ಅದನ್ನು ಒದ್ದೆ ಹುಲ್ಲಿನ ಮೇಲೆ ಹರವಿ, ಹರಿದಲ್ಲಿ ಎರಡು ಬೆರಳು ತೂರಿಸಿ ನೋಡಿದ. ಹೊತ್ತುಕೊಂಡು ನೀರಿಗಿಳಿಯುವಾಗ ಯಾರದೋ ಗಾಳಿಪಟದ ದಾರ ಕಾಲಿಗೆ ತೊಡರಿ ಮುಗ್ಗರಿಸಿದ್ದ. ಹಾಯಿ ಹೋಗಿ ಜಾಲಿಮುಳ್ಳಿನ ಮೇಲೆ ಬಿದ್ದಿತ್ತು. ಯಾರದೋ ಏನು, ಮನೋಜನದೇ.

"ಯಾಕೋ, ನಿನ್ನ ದಾರ ಜಾಲಿಮರದ ಈಚಿಗೆ ಯಾಕ ಬಂತು?"

"ಸಾರಿ ಅಂಕಲ್, ಜಾಗಾನೇ ಇಲ್ವಲ್ಲ. ಇವತ್ತು ಹಿಂಜವಾಡಿ ಆಫೀಸ್ ಗ್ಯಾಂಗ್ ಪೂರ್ತಿ ಬಂದಿದೆ." ಮನೋಜ ನಕ್ಕ. "ನೀವೂ ಕೈಟ್‌ಗೆ ಬಂದ್ಬಿಡಿ. ಈ ವಿಂಡ್‌ಸರ್ಫಿಂಗ್ ಎಲ್ಲ ಈಗ ಯಾರ್ ಮಾಡ್ತಾರೆ ಹೇಳಿ?"

ಅವನ ಹಿಂದೆ ನಿಂತ ಗೆಳೆಯರೂ ನಕ್ಕರು. ಅವರು ನಕ್ಕರೆ ನಗಲಿ, ಅವರೇನು ಸಂಬಂಧಿಕರೇ? ಆದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವುದನ್ನು ಈ ಮಂಡ್ಯದ ಹುಡುಗನಿಗೆ ಕಲಿಸಿದವನು ಶಿವಪ್ರಕಾಶ. ಕ್ಯಾಂಪ್ ಪೇಟೆಯಲ್ಲಿ ಪರದೆ, ತಾಡಪತ್ರಿ ಹೊಲಿದು ಮಾರುವ ವಿಜಯಪುರದ ಮನುಷ್ಯ. ಯಾರೋ ಹೊಲಿಯಲು ತಂದುಕೊಟ್ಟ ಹಳೆಯ ಹಾಯಿಯಿಂದ ನೀರಿನ ಹುಚ್ಚು ಹಿಡಿಸಿಕೊಂಡವನು. ಆಣೆಕಟ್ಟಿನ ಹಿನ್ನೀರಿಗೆ ಬೈಕು ಹೋಗುವ ದಾರಿಯೂ ಇಲ್ಲದಾಗ ಹಲಗೆ ಹೊತ್ತು ಬಂದು, ಹೊಲದ ಯಜಮಾನ ಅಂಬಾದಾಸನ ಕೈಕಾಲು ಹಿಡಿದು, ಈ ದಂಡೆಯನ್ನು ದಕ್ಕಿಸಿಕೊಂಡವನು. ಮನೋಜ ಬಂದಾಗ ಮರಾಠಿಯವರ ನಡುವೆ ಒಂದು ಕನ್ನಡದ ಜೀವ ಸಿಕ್ಕಿತೆಂದು ಹೆಂಡತಿ ಶೈಲಾ ಪ್ರತಿ ಭಾನುವಾರ ಅವನ ಪಾಲಿಗೂ ರೊಟ್ಟಿ ತಟ್ಟುತ್ತಿದ್ದಳು. ಎರಡು ಮಳೆಗಾಲ ರೊಟ್ಟಿ ತಿಂದವನು ಮೂರನೆಯದಕ್ಕೆ ಹಾಯಿ ಬಿಟ್ಟು, ಹಲಗೆಯ ಮೇಲೆ ನಿಂತವನನ್ನು ನೀರಿನ ಮೇಲೆ ಎಳೆದೊಯ್ಯುವ ಗಾಳಿಪಟ ತಂದ, ಬೆನ್ನಿಗೆ ಹಿಂಡು ಕಟ್ಟಿಕೊಂಡು ಬಂದ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಎನ್ನುವುದು ಇದಕ್ಕೇ.

ಮಳೆಗಾಲದಲ್ಲಿ ಗಾಳಿ ಬರುತ್ತದೆ, ಆದರೆ ನೀರೂ ಏರಿ ದಂಡೆ ಮದುವೆ ಹಂದರದಷ್ಟೇ ಉಳಿಯುತ್ತದೆ. ಅಷ್ಟರಲ್ಲೇ ಹಾಯಿ ಕಟ್ಟಬೇಕು, ಅಷ್ಟರಲ್ಲೇ ಕೋಣೆಯಷ್ಟು ದೊಡ್ಡ ಗಾಳಿಪಟಗಳ ಹತ್ತಾರು ಮಾರುದ್ದದ ದಾರಗಳನ್ನು ಹಾಸಬೇಕು. ಹೋದ ವರ್ಷ ಜಗಳ ಕೈಕೈ ಮಿಲಾಯಿಸುವಷ್ಟಾದಾಗ ಅಂಬಾದಾಸ ಕೋಲು ಹಿಡಿದು ಬಂದು, "ಭಾಂಡಣ ನಕೋ! ಇನ್ನೊಮ್ಮೆ ಜಗಳಾಡಿದ್ರ ದಾರಿಗೆ ಮುಳ್ಳಬೇಲಿ ಬಡೀತೀನಿ," ಎಂದು ತನ್ನ ಮರಾಠಿಗನ್ನಡದಲ್ಲಿ ಗದರಿಸಿದ್ದ. ಆಗ ಆದ ಒಪ್ಪಂದ: ಜಾಲಿಮರದ ಈಚೆ ಹಾಯಿಯವರು, ಆಚೆ ಗಾಳಿಪಟದವರು. ಒಂದಕ್ಕೆ ಮಾತ್ರ ಆಚೆ-ಈಚೆ ಇರಲಿಲ್ಲ. ದಂಡೆಗೆ ಬಂದವನು ತಲೆಯ ಮೇಲೆ ಅಂಗೈ ತಟ್ಟಿದರೆ ಗಾಳಿಪಟ ಇಳಿಸಬೇಕು ಎಂದರ್ಥ. ಹತ್ತಿರ ಇದ್ದವರು, ಯಾರೇ ಇರಲಿ, ಹೋಗಿ ಅದರ ಅಂಚು ಹಿಡಿಯಬೇಕು. ವೈರಿಯಾದರೂ ಸರಿ.

ಶಿವಪ್ರಕಾಶ ಅವತ್ತು ನೀರಿಗಿಳಿಯಲಿಲ್ಲ. ಸೂಜಿ ತೆಗೆದು ಹೊಲಿಯಲು ಕುಳಿತ. ಜೊತೆಗೆ ಬಂದಿದ್ದ ಶೈಲಾ ಡಬ್ಬಿ ಬಿಚ್ಚಿ, "ಅವ್ಗೂ ಎರಡು ರೊಟ್ಟಿ ಇಟ್ಟೀನ್ರಿ," ಎಂದಳು.

"ನಾಯಿಗೆ ಹಾಕು."

"ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ಒಲ್ಲದ ಗಂಡಗ ಮೊಸರಾಗ ಕಲ್ಲು ಅಂತ, ನಿಮಗ ಆ ಹುಡುಗ ಕುಂತ್ರೂ ತಪ್ಪು, ನಿಂತ್ರೂ ತಪ್ಪು."

ಸಂಜೆಗೆ ಘಾಟಿನ ಕಡೆಯಿಂದ ಮೋಡ ಕಪ್ಪಾಗಿ ಕವಿಯಿತು. ಉಳಿದವರೆಲ್ಲ ಗಾಳಿಪಟ ಇಳಿಸಿ, ಮಡಚಿ, ಮೇಲಿನ ರಸ್ತೆಗೆ ಚಹಾ ಕುಡಿಯಲು ಹೋದರು. ಮನೋಜನೊಬ್ಬ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಎನ್ನುತ್ತ ಕೊನೆಗೆ ಮೊಣಕಾಲು ನೀರಿಗೆ ಬಂದು ನಿಂತ. ಗಾಳಿ ಒಮ್ಮೆಲೇ ಜೋರಾಗಿತ್ತು. ಗಾಳಿಪಟ ಅವನನ್ನು ಮುಂದಕ್ಕೆಳೆಯುತ್ತಿತ್ತು, ಅವನು ಹಿಂದಕ್ಕೆ ವಾಲಿ ನಿಂತು, ಅದನ್ನು ದಂಡೆಯ ಮೇಲೆ ಆಳೆತ್ತರಕ್ಕೆ ಇಳಿಸಿ, ತಲೆಯ ಮೇಲೆ ಅಂಗೈ ತಟ್ಟಿದ.

ಶಿವಪ್ರಕಾಶ ನೋಡಿದ. ಕಣ್ಣಿಗೆ ಕಣ್ಣು ಕೂಡಲಿಲ್ಲ, ಅಷ್ಟೇ. ನೋಡಿ, ತಲೆ ತಗ್ಗಿಸಿ, ಸೂಜಿಯನ್ನು ಮತ್ತೆ ಬಟ್ಟೆಗೆ ಚುಚ್ಚಿದ. ನಿಲ್ಲಲಿ ಮಗ. ಈಗ ಯಾರು ಮಾಡ್ತಾರೆ ಎಂದು ಕೇಳಿದ್ದನಲ್ಲ, ಈಗ ಯಾರು ಹಿಡೀತಾರೆ ಎಂದೂ ಸ್ವಲ್ಪ ನೋಡಲಿ. ಎರಡು ಹೊಲಿಗೆ ಹಾಕಿ ಎದ್ದರಾಯಿತು, ಪ್ರಾಣವೇನೂ ಹೋಗುವುದಿಲ್ಲ.

"ಅಲ್ರೀ, ಅಂವಾ ಕರೀಲಿಕ್ಕತ್ತಾನ," ಎಂದಳು ಶೈಲಾ.

ಅವನು ಒಂದು ಹೊಲಿಗೆ ಹಾಕಿದ.

ಎರಡನೆಯದಕ್ಕೆ ದಾರ ಎಳೆಯುವಷ್ಟರಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದಳು. ಐದು ವರ್ಷ ಆ ದಂಡೆಯಲ್ಲಿ ಕೂತು ನೋಡಿದವಳು, ಆದರೆ ಒಮ್ಮೆಯೂ ಹಿಡಿದವಳಲ್ಲ. ಅಂಚು ಹಿಡಿಯಬೇಕು, ದಾರ ಮುಟ್ಟಬಾರದು ಎಂದು ಅವಳಿಗೆ ಯಾರು ಹೇಳಿದ್ದರು? ತವರಿನಲ್ಲಿ ಹಗ್ಗ ಕಿತ್ತುಕೊಂಡ ಕರುವನ್ನು ಹಿಡಿದ ಹಾಗೆ ಬಲಗೈಗೆ ದಾರವನ್ನು ಸುತ್ತಿಕೊಂಡುಬಿಟ್ಟಳು.

"ಆಂಟೀ, ಲೈನ್ ಬೇಡ! ಬಿಡಿ, ಬಿಡಿ!"

ಗಾಳಿ ಆಗಲೇ ಹೊಡೆಯಿತು. ಮನೋಜ ಗಾಳಿಪಟ ಕಳಚುವ ಹಿಡಿಕೆ ಎಳೆದ, ಪಟ ಸತ್ತು ಮುಳ್ಳಿಗೆ ಬಿತ್ತು; ಆದರೆ ಅಷ್ಟರೊಳಗೆ ದಾರ ಅಂಗೈಯನ್ನು ಕೊಯ್ದಾಗಿತ್ತು. ಶೈಲಾ ಹುಲ್ಲಿನ ಮೇಲೆ ಕುಳಿತು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಗಂಡನ ಕಡೆ ನೋಡಿದಳು. ಅವನು ಇನ್ನೂ ಸೂಜಿ ಹಿಡಿದೇ ಓಡಿ ಬರುತ್ತಿದ್ದ.

ನರ ಕತ್ತರಿಸಿದೆ, ಎರಡು ಬೆರಳು ಇನ್ನು ಮೊದಲಿನಂತೆ ಮಡಚುವುದಿಲ್ಲ ಎಂದರು ಡಾಕ್ಟರು. ಮನೋಜ ಹಡಪಸರದ ಅವರ ಮನೆಗೆ ಬಂದು ಅವಳ ಕಾಲಿನ ಹತ್ತಿರ ಕುಳಿತು ಅತ್ತ.

"ನಂದೇ ತಪ್ಪು ಆಂಟಿ. ಲೇಟಾಗಿ ಬಂದೆ. ಅಂಕಲ್ ಹೊಲೀತಾ ಇದ್ರು, ನೋಡ್ಲಿಲ್ಲ. ನಾವ್ಯಾರೂ ಇನ್ನು ಆ ಕಡೆ ಬರಲ್ಲ."

ಶಿವಪ್ರಕಾಶ ಹೆಂಡತಿಯ ಮುಖ ನೋಡಿದ. ನೋಡಿಯೂ ಏಳಲಿಲ್ಲ ಎಂದು ಈಗ ಅಂದುಬಿಡುತ್ತಾಳೆ ಎಂದುಕೊಂಡ. ಅಂದರೆ ಒಳ್ಳೆಯದೇ ಎಂದೂ ಅನಿಸಿತು.

"ಹೌದಪಾ," ಎಂದಳು ಶೈಲಾ, ಗಂಡನತ್ತ ತಿರುಗದೆ. "ಅವರು ಹೊಲೀಲಿಕ್ಕತ್ತಿದ್ರು."

ಮುಂದಿನ ಭಾನುವಾರ ಅವಳೇ ಅವನನ್ನು ಹಿನ್ನೀರಿಗೆ ಕಳಿಸಿದಳು. ಗಾಳಿ ಹದವಾಗಿತ್ತು. ಮರದ ಈಚೆ ಯಾರೂ ಇರಲಿಲ್ಲ, ಆಚೆಯೂ ಇರಲಿಲ್ಲ. "ಆತಾ ಖುಷ್? ಈಗ ಖುಷಿ ಆತೇನು?" ಎಂದು ಅಂಬಾದಾಸ ಕೇಳಿದ. ಹೊಲಿದ ಹಾಯಿ ಚೆನ್ನಾಗಿ ನಿಂತಿತು, ಆದರೂ ಎರಡು ಸುತ್ತಿಗೇ ಸಾಕೆನಿಸಿ ಶಿವಪ್ರಕಾಶ ಮನೆಗೆ ಮರಳಿದ.

ಶೈಲಾ ಬಾಲ್ಕನಿಯಲ್ಲಿ ಕೂದಲು ಬಿಚ್ಚಿಕೊಂಡು ಕುಳಿತಿದ್ದಳು. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿತ್ತು, ಬಾಚಣಿಗೆ ಪಕ್ಕದ ಸ್ಟೂಲಿನ ಮೇಲಿತ್ತು. ಅವನು ಒದ್ದೆ ಬಟ್ಟೆಯಲ್ಲೇ ಹೋಗಿ ಬಾಚಣಿಗೆ ತೆಗೆದುಕೊಂಡು ಅವಳ ಹಿಂದೆ ನಿಂತ.

ಅವಳು ಎಡಗೈಯನ್ನು ಹಿಂದಕ್ಕೆ ಚಾಚಿ ಬಾಚಣಿಗೆಯನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡಳು.

"ಇರ್ಲಿ ಬಿಡ್ರಿ. ಬಾಜೂಮನಿ ರಂಗೂಬಾಯಿಗೆ ಹೇಳೀನಿ. ಬರ್ತಾಳ."

ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹಾಕುತ್ತಿದ್ದವು. ಅವನ ಚಡ್ಡಿಯಿಂದ ಹಿನ್ನೀರು ತೊಟ್ಟಿಕ್ಕಿ ನೆಲದ ಮೇಲೆ ಹರಡುತ್ತಿತ್ತು. ಶೈಲಾ ಬಾಗಿಲ ಕಡೆ ಕಿವಿಯಿಟ್ಟು, ಬಾಚಣಿಗೆ ಹಿಡಿದು, ಕಾಯುತ್ತ ಕುಳಿತಿದ್ದಳು.