ಸೂಜಿ ಮತ್ತು ಸೂಟಿ

ಬೋರಗಾಂವದ ದಾವಲಬಿಯ ಮನೆಯಲ್ಲಿ ತಿಂಗಳ ಮುಟ್ಟಿಗೆ ಯಾರೂ ಮುಟ್ಟು ಅನ್ನುತ್ತಿರಲಿಲ್ಲ, ಸೂಟಿ, ಅಂದರೆ ರಜೆ, ಅನ್ನುತ್ತಿದ್ದರು. ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ದೇವರೇ ನಮಾಜು ಮಾಫಿ ಮಾಡಿದ್ದಾನೆ ಅಂದ ಮೇಲೆ ಅದು ಸಾಲಿಯ ಸೂಟಿಗಿಂತ ದೊಡ್ಡ ಸೂಟಿಯೇ ಸೈ. ಒಳಕೋಣೆಯಲ್ಲಿ ದಿನಕ್ಕೆ ಐದು ಸಲ ಎರಡು ನಮಾಜಿನ ಚಾಪೆ ಹಾಸುತ್ತಿದ್ದರು. ಹಸಿರು ಅತ್ತೆಯದು, ಕೆಂಪು ಸೊಸೆ ಯಾಸ್ಮಿನಳದು. ಸೂಟಿ ಬಂದಾಗ ಕೆಂಪು ಚಾಪೆ ಸುರುಳಿ ಸುತ್ತಿಕೊಂಡು ಟ್ರಂಕಿನ ಮೇಲೆ ಹೋಗಿ ಕೂಡುತ್ತಿತ್ತು. ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಮಗ ಅರ್ಮಾನನಿಗೆ ವರ್ಷ ತುಂಬಿದಾಗ ಯಾಸ್ಮಿನಳೂ ಅವಳ ಗಂಡ ಬಿಲಾಲನೂ ಮಾತಾಡಿಕೊಂಡಿದ್ದರು. ಇನ್ನೊಂದು ಕೂಸು ಬೇಕೇ ಬೇಕು, ಆದರೆ ಇವನು ಅಂಗನವಾಡಿಗೆ ಹೋಗುವಷ್ಟಾಗಲಿ. ಹಾಗಂತ ಅವಳು ದವಾಖಾನೆಯ ನರ್ಸು ರಾಜಮತಿಬಾಯಿಯ ಕಡೆ, ಮೂರು ತಿಂಗಳಿಗೊಮ್ಮೆ ಮಾಡುವ, ಬಸಿರು ತಡೆಯುವ ಸೂಜಿ ಮಾಡಿಸಿಕೊಂಡಳು. ಅತ್ತೆಗೆ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಮೊದಲ ಸೂಜಿಯ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಹನಿಹನಿಯಾಗಿ ಕಂಡಿತು. ಕೆಂಪು ಚಾಪೆ ಟ್ರಂಕು ಹತ್ತುವುದು, ಇಳಿಯುವುದು ನಡೆದೇ ಇತ್ತು. ಮೂರನೆಯ ಸೂಜಿಯ ಮೇಲೆ ಪೂರಾ ನಿಂತಿತು. ರಾಜಮತಿಬಾಯಿ ಮೊದಲೇ ಏನೋ ಹೇಳಿದ್ದಳು, ಆದರೆ ಅವತ್ತು ಅರ್ಮಾನ ಅತ್ತು ರಂಪ ಮಾಡಿ ಅರ್ಧ ಮಾತು ಕಿವಿಗೇ ಬಿದ್ದಿರಲಿಲ್ಲ. ಬರಬೇಕಾದದ್ದು ಒಳಗೇ ಕಟ್ಟಿಕೊಳ್ಳುತ್ತಿದೆಯೋ, ಗರ್ಭವೇ ಒಣಗಿತೋ, ಇನ್ನೊಂದು ಕೂಸು ತನಗಿಲ್ಲವೋ ಎಂದು ನೆಲಕ್ಕೆ ಹಣೆ ಹಚ್ಚಿದಾಗಲೆಲ್ಲ ಯಾಸ್ಮಿನ ದೇವರನ್ನು ಕೇಳುತ್ತಿದ್ದಳು.

ಇತ್ತ ದಾವಲಬಿ ಎರಡು ತಿಂಗಳು ಟ್ರಂಕಿನ ಬರಿ ಮೈ ನೋಡಿ ತನ್ನದೊಂದು ತೀರ್ಮಾನ ಮಾಡಿಕೊಂಡಿದ್ದಳು. ಯಾಸ್ಮಿನಳಿಗೆ ಅದು ತಿಳಿದದ್ದು ಆಮೇಲೆ. ಅವಳಿಗೆ ಕಂಡದ್ದು ಇಷ್ಟೇ: ತನ್ನ ರೊಟ್ಟಿಗೆ ಬೆಣ್ಣೆ ಹೆಚ್ಚಾಯಿತು, ನೀರಿನ ಕೊಡ ತನ್ನ ಕೈಯಿಂದ ತಪ್ಪಿತು, ಅತ್ತೆ ಹಳೆ ಸೀರೆ ಹರಿದು ಒಂದು ಪುಟ್ಟ ಕೌದಿ ಹೊಲಿಯಲು ಕೂತಳು. ಅರ್ಮಾನನಿಗಿರಬೇಕು ಅಂದುಕೊಂಡಳು. ಅಷ್ಟು ಪುಟ್ಟ ಕೌದಿ ಹೊದ್ದರೆ ಅವನ ಕಾಲು ಹೊರಗೇ ಉಳಿಯುತ್ತವೆ ಅನ್ನುವುದು ಹೊಳೆಯಲಿಲ್ಲ.

ನಾಲ್ಕನೆಯ ಸೂಜಿಯ ದಿನ ಬಂತು. ದವಾಖಾನೆಯಲ್ಲಿ ಸೂಜಿ ಐತಿ, ಹೋಗಿ ಬರುತ್ತೇನೆ ಅಂತ ಯಾಸ್ಮಿನ ಮೆತ್ತಗೆ ಅಂದಳು. ದಾವಲಬಿಯ ಮುಖ ಅರಳಿತು. ಬುರ್ಖಾ ಹಾಕಿಕೊಂಡು, ಮೊಮ್ಮಗನನ್ನು ಬಗಲಿಗೇರಿಸಿ, ಸೊಸೆಗಿಂತ ಮುಂದೆ ಹೊರಟಳು. ಓಣಿಯ ಮಗ್ಗಗಳ ಖಟಖಟದ ನಡುವೆ ಯಾಸ್ಮಿನ ದಾರಿಯಲ್ಲಿ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಮುಚ್ಚಿದಳು.

ರಾಜಮತಿಬಾಯಿ ಕಾರ್ಡು ತೆಗೆದು, ತಿಂಗಳದ್ದು ಹೆಂಗ ಬರಾಕತ್ತೈತಿ ಅಂತ ಕೇಳಿದಳು.

"ಎಲ್ಲೀದು ಬರ್ತೈತ್ರಿ ಬಾಯಾರ," ದಾವಲಬಿಯೇ ನಕ್ಕಳು. "ಮೂರು ತಿಂಗಳಾತು, ನನ್ನ ಸೊಸಿಗೆ ಒಂದು ದಿನಾ ಸೂಟಿ ಇಲ್ಲ. ಹೆಣ್ಣಾದ್ರ ಕೌಸರ ಅಂತ ಹೆಸರೂ ಹುಡುಕಿ ಇಟ್ಟೇನಿ."

ಬೆಣ್ಣೆ, ಕೊಡ, ಕೌದಿ ಎಲ್ಲ ಯಾಸ್ಮಿನಳಿಗೆ ಒಮ್ಮೆಲೇ ತಿಳಿದವು. ಅತ್ತೆಯನ್ನು ಹೊರಗೆ ಕೂಡಿಸಲೇ ಅಂತ ರಾಜಮತಿಬಾಯಿ ಕಣ್ಣಲ್ಲೇ ಕೇಳಿದಳು. ಬೇಡ ಅಂತ ತಲೆಯಾಡಿಸಿ ಯಾಸ್ಮಿನ ಅತ್ತೆಯ ತೋಳು ಹಿಡಿದಳು.

"ಅಮ್ಮಾ, ನಾ ಬಸುರಿ ಅಲ್ರಿ. ಇದು ಬಸುರಾಗಬಾರದು ಅಂತ ಮಾಡೂ ಸೂಜಿ. ನಾವಿಬ್ಬರೂ ಕೂಡೇ ವಿಚಾರ ಮಾಡೇವ್ರಿ. ನಿಮಗ ಹೇಳಾಕ ಅಂಜಿದ್ವಿ."

ದಾವಲಬಿ ಮೊಮ್ಮಗನನ್ನು ಬೆಂಚಿನ ಮೇಲೆ ಇಳಿಸಿದಳು. ಖಾತ್ರಿಗೆ ಇರಲಿ ಅಂತ ಬಾಯಿ ಮೂತ್ರ ಪರೀಕ್ಷೆಯನ್ನೂ ಮಾಡಿದಳು. ಪಟ್ಟಿಯ ಮೇಲೆ ಎರಡನೆಯ ಗೆರೆಗಾಗಿ ದಾವಲಬಿ ಈದಿನ ಚಂದ್ರನನ್ನು ಹುಡುಕುವವರ ಹಾಗೆ ನೋಡೇ ನೋಡಿದಳು. ಒಂದೇ ಗೆರೆ.

ಆಗ ಯಾಸ್ಮಿನ ತನ್ನ ಅಂಜಿಕೆಯನ್ನೂ ಬಿಚ್ಚಿಟ್ಟಳು.

"ಒಳಗ ಏನೂ ಕಟ್ಟಿಕೊಳ್ಳೂದಿಲ್ಲವಾ," ರಾಜಮತಿಬಾಯಿ ಅಂದಳು. "ತಿಂಗಳಾ ತಿಂಗಳಾ ಗರ್ಭ ಕೂಸಿಗಂತ ಹಾಸಿಗಿ ಹಾಸ್ತೈತಿ. ಕೂಸು ಬರಲಿಲ್ಲಂದ್ರ ಅದ ಹೊರಗ ಹೋಗ್ತೈತಿ. ಈ ಸೂಜಿ ಇದ್ದಾಗ ಆ ಹಾಸಿಗಿ ದಪ್ಪನ ಆಗೂದಿಲ್ಲ. ಹಾಸದ ಹಾಸಿಗಿ ಸುತ್ತೂದೇನೈತಿ?"

ಎಲ್ಲರಿಗೂ ಒಂದೇ ಥರ ಇರುವುದಿಲ್ಲ, ಕೆಲವರಿಗೆ ಹನಿಹನಿ ಕಾಣುತ್ತಲೇ ಇರುತ್ತದೆ, ರಕ್ತ ಬಹಳ ಹೋದರೆ ಮಾತ್ರ ತಡಮಾಡದೆ ಬರಬೇಕು ಅಂತಲೂ ಹೇಳಿದಳು. ಸೂಜಿ ಬಿಟ್ಟ ಕೂಡಲೇ ಮೊದಲಿನಂತೆ ಆದೀತು ಅಂತ ಗಡಿಬಿಡಿ ಮಾಡಬಾರದು. ಕೊನೆಯ ಸೂಜಿಯಿಂದ ಏಳೆಂಟು ತಿಂಗಳು, ಒಬ್ಬೊಬ್ಬರಿಗೆ ವರ್ಷವೂ ಹಿಡಿಯುತ್ತದೆ. ಆದರೆ ಸೂಜಿಯಿಂದ ಗರ್ಭ ಒಣಗುವುದಿಲ್ಲ, ಮುಟ್ಟು ಮರಳಿ ಬರುತ್ತದೆ.

ದಾವಲಬಿ ಮೊಮ್ಮಗನನ್ನು ಮತ್ತೆ ಬಗಲಿಗೆ ಎಳೆದುಕೊಂಡಳು. ಏಳು ವರ್ಷದಲ್ಲಿ ಐದು ಹೆತ್ತವಳು ಅವಳು, ಒಂದು ಬಗಲಲ್ಲಿ ಒಂದು ಹೊಟ್ಟೆಯಲ್ಲಿ ಇರುವಾಗಲೇ ಬೀಡಿ ಸುತ್ತಿದವಳು. ಆ ದಿನಗಳೇ ನೆನಪಾದವೇನೋ.

"ಒಂದು ತಿಂಗಳಿಂದ ನನ್ನ ಬೆಣ್ಣಿ ತಿಂದೀಯಲ್ಲ ಬೇ," ಅತ್ತೆ ಕೊನೆಗೆ ಅಂದಳು, "ಆವಾಗರ ಹೇಳಬಾರದಿತ್ತಾ?"

"ರುಚಿ ಇತ್ತ್ರಿ ಅಮ್ಮಾ."

ಬಾಯಿ ಮೊದಲು ನಕ್ಕಳು, ಆಮೇಲೆ ದಾವಲಬಿ. ಸೂಜಿಗೆ ಸೊಸೆಯ ತೋಳಿನ ಬಟ್ಟೆಯನ್ನು ತಾನೇ ಮೇಲೆ ಸರಿಸಿದಳು. ಕೊಡುವವನು ಅವನು, ಅವಸರ ನಮ್ಮದು ಅಂತ ಮರಳುವ ಹಾದಿಯಲ್ಲಿ ತನ್ನಷ್ಟಕ್ಕೆ ಅಂದುಕೊಂಡಳು. ಅರ್ಧ ಹೊಲಿದ ಕೌದಿ, ಚುಚ್ಚಿದ ಸೂಜಿಯ ಸಮೇತ, ಟ್ರಂಕಿನೊಳಗೆ ಹೋಯಿತು. ಮರುದಿನ ಕೊಡ ಸೊಸೆಯ ಕೈಗೆ ಮರಳಿ ಬಂತು. ಬೆಣ್ಣೆ ಮಾತ್ರ ನಿಲ್ಲಲಿಲ್ಲ.

ಅರ್ಮಾನ ಅಂಗನವಾಡಿಗೆ ಹೋಗತೊಡಗಿದ ವರ್ಷ ಯಾಸ್ಮಿನ ಸೂಜಿ ಬಿಟ್ಟಳು. ಏಳು ತಿಂಗಳು ಸೂಟಿ ಬರಲಿಲ್ಲ. ಅತ್ತೆ ಸೊಸೆ ಒಬ್ಬರಿಗೊಬ್ಬರು ಕಾಣದಂತೆ ಟ್ರಂಕಿನ ಕಡೆ ನೋಡುತ್ತಿದ್ದರು. ಎಂಟನೆಯ ತಿಂಗಳ ಒಂದು ನಸುಕಿನಲ್ಲಿ ಯಾಸ್ಮಿನ ತನ್ನ ಕೆಂಪು ಚಾಪೆಯನ್ನು ಸುರುಳಿ ಸುತ್ತಿ ಟ್ರಂಕಿನ ಮೇಲೆ ಇಟ್ಟು, ಒಲೆಯ ಮುಂದೆ ಬಂದು ಚಹಾ ಇಟ್ಟಳು. ಅತ್ತೆ ಎದ್ದದ್ದು, ಒಳಕೋಣೆಗೆ ಹೋದದ್ದು, ಒಂದು ಗಳಿಗೆ ನಿಂತದ್ದು ಎಲ್ಲ ಕೇಳಿಸಿತು. ಆ ಬೆಳಗಿನ ದುವಾ ಎಂದಿಗಿಂತ ಉದ್ದವಾಯಿತು, ಚಹಾ ಎರಡು ಸಲ ಕುದಿಯಿತು. ಆಮೇಲೆ ಟ್ರಂಕಿನ ಮುಚ್ಚಳ ಕಿರ್ರೆಂದಿತು.

ಯಾಸ್ಮಿನ ಇಣುಕಿ ನೋಡಿದಳು. ಅತ್ತೆಯ ತೊಡೆಯ ಮೇಲೆ ಕೌದಿ ಹರಡಿತ್ತು.

"ಈ ಸೂಜಿ ತುಕ್ಕ ಹಿಡದೈತಿ," ದಾವಲಬಿ ತಲೆ ಎತ್ತದೆ ಅಂದಳು. "ಹೊಸಾದಕ್ಕ ದಾರ ಪೋಣಿಸಿ ಕೊಡು ಬಾ. ಹೆಂಗೂ ನಿನಗ ಸೂಟಿ ಐತಿ."